ಆಟದ ಲ್ಯಾಪ್‌ಟಾಪು

ಹಾಸ್ಟೆಲಿನಲ್ಲಿ ನಮ್ಮ ಮೂವರನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಒಬ್ಬ ಕುಂದಾಪ್ರ, ಒಬ್ಬ ಬೈಂದೂರು, ಒಬ್ಬಳು ಬ್ರಹ್ಮಾವರ. ಶನಿವಾರ ಮಧ್ಯಾಹ್ನ ಕ್ಲಾಸು ಮುಗಿದರೆ ಮೂವರೂ ಒಂದೇ ಬಸ್ಸು ಹತ್ತುತ್ತೇವೆ. ಬ್ರಹ್ಮಾವರ ಮೊದಲು ಇಳಿಯುತ್ತಾಳೆ. ಶಾಸ್ತ್ರಿ ಸರ್ಕಲ್ ಹತ್ತಿರ ಕುಂದಾಪ್ರ ಇಳಿಯುತ್ತಾನೆ. ಬೈಂದೂರು ಮಾತ್ರ ಮರವಂತೆಯಲ್ಲಿ ಒಂದು ಕಿಟಕಿಯಲ್ಲಿ ಕಡಲು, ಇನ್ನೊಂದು ಕಿಟಕಿಯಲ್ಲಿ ಸೌಪರ್ಣಿಕಾ ನೋಡುತ್ತಾ ಒಬ್ಬನೇ ಮುಂದೆ ಹೋಗುತ್ತಾನೆ. 2025ರ ಎಪ್ರಿಲ್, ಮೇ ಎರಡು ತಿಂಗಳೂ ಈ ಬಸ್ಸಿನಲ್ಲಿ ನಾವು ಮಾತಾಡಿದ್ದು ಒಂದೇ ವಿಷಯ: ಯಾವ ಲ್ಯಾಪ್‌ಟಾಪ್ ತಗೊಳ್ಳೋದು?

ಸುಮ್ಮನೆ ಲ್ಯಾಪ್‌ಟಾಪ್ ಅಲ್ಲ, ಗೇಮಿಂಗ್ ಲ್ಯಾಪ್‌ಟಾಪ್. ಹಿಂದೆ ಕೆಂಪು ನೀಲಿ ಲೈಟು ಉರಿಯಬೇಕು, ವ್ಯಾಲೊರಂಟ್ ಬೆಣ್ಣೆ ಹಾಗೆ ಓಡಬೇಕು, ಜಿಟಿಎ ಹಾಕಿದರೆ ಪಕ್ಕದ ರೂಮಿನವರು ಎದ್ದು ಬಂದು ನೋಡಬೇಕು. ಜೊತೆಗೆ ಓದಿಗೂ ಬೇಕು ಅನ್ನೋದು ಸುಳ್ಳಲ್ಲ. ಬೈಂದೂರು ಮೆಕ್ಯಾನಿಕಲ್, ಅವನಿಗೆ ಸಾಲಿಡ್‌ವರ್ಕ್ಸ್ ಬೇಕು. ಬ್ರಹ್ಮಾವರ ಕಂಪ್ಯೂಟರ್ ಸೈನ್ಸ್, ಅವಳಿಗೆ ಮಷೀನ್ ಲರ್ನಿಂಗ್ ಹುಚ್ಚು. ಕುಂದಾಪ್ರ ಎಲೆಕ್ಟ್ರಾನಿಕ್ಸ್, ಅವನಿಗೆ ಬೇಕಾದ್ದು ವ್ಯಾಲೊರಂಟ್ ಮಾತ್ರ. ಅದನ್ನು ಅವನೇ ಒಪ್ಪಿಕೊಂಡಿದ್ದಾನೆ, ಹಾಗಾಗಿ ಬರೆಯುತ್ತಿದ್ದೇವೆ.

ದುಡ್ಡಿನ ಲೆಕ್ಕ ಹೀಗಿತ್ತು. ಬೈಂದೂರಿನ ಅಪ್ಪಯ್ಯ ಗಂಗೊಳ್ಳಿಯಿಂದ ಹೊರಡುವ ಬೋಟಿನಲ್ಲಿ ಕೆಲಸಕ್ಕೆ ಹೋಗುವವರು. ಸೀಸನ್ ಮುಗಿಯುವಾಗ ಬರುವ ಪಾಲಿನ ದುಡ್ಡು, ಹಿಂದಿನ ಉಳಿತಾಯ ಎಲ್ಲ ಸೇರಿ 65 ಸಾವಿರ ಕೊಡ್ತೇನೆ ಅಂದಿದ್ದರು. ಬ್ರಹ್ಮಾವರದ ಹತ್ತಿರ ಸ್ಕಾಲರ್‌ಶಿಪ್ಪಿನದ್ದು, ಅಮ್ಮ ಕೊಡುವುದು ಸೇರಿ 50 ಸಾವಿರ. ಕುಂದಾಪ್ರದ ಅಮ್ಮನ ಚೀಟಿ ಇನ್ನೂ ಎತ್ತಿರಲಿಲ್ಲ. ಅವನದ್ದು ಬರೀ ಮಾತು.

ಹಾಗಾಗಿ ಮೊದಲು ತಗೊಳ್ಳುವವನು ಬೈಂದೂರು ಅಂತ ತೀರ್ಮಾನ ಆಯ್ತು. ಅದಕ್ಕೂ ಮೊದಲು ನಾವೊಂದು ತಪ್ಪು ಮಾಡಿದೆವು. ಅವನು ಮನೆಗೆ ಫೋನ್ ಮಾಡಿ, "ಡಿಪಾರ್ಟ್‌ಮೆಂಟಿನಲ್ಲಿ ಇಂಥದ್ದೇ ಲ್ಯಾಪ್‌ಟಾಪ್ ಬೇಕ್ ಅಂದ್ರ್" ಅಂತ ಹೇಳಿಬಿಟ್ಟ. ಹಾಗೆ ಯಾರೂ ಅಂದಿರಲಿಲ್ಲ. ಫೋನು ಸ್ಪೀಕರಿನಲ್ಲಿತ್ತು. ಅಪ್ಪಯ್ಯ "ಹೌದಾ ಮಕ್ಳೇ?" ಅಂತ ನಮ್ಮನ್ನೂ ಕೇಳಿದರು. ನಾವೂ "ಹೂಂ" ಅಂದೆವು. ಗೇಮಿಂಗ್ ಅನ್ನುವ ಪದ ನಮ್ಮ ಮೂವರ ಬಾಯಲ್ಲೂ ಬರಲಿಲ್ಲ.

ಆಮೇಲೆ ಶುರುವಾಯ್ತು ಸಂಶೋಧನೆ. ಇಂಟರ್ನಲ್ಸ್‌ಗೆ ಇಷ್ಟು ಓದಿದ್ದರೆ ಮೂವರೂ ರ‍್ಯಾಂಕ್ ಬರುತ್ತಿದ್ದೆವು. ರಾತ್ರಿ ಎರಡು ಗಂಟೆವರೆಗೆ ಯೂಟ್ಯೂಬ್ ನೋಡಿ, ಬೆಳಿಗ್ಗೆ ಮೊದಲ ಪೀರಿಯಡಿನಲ್ಲಿ ನಿದ್ದೆ ಮಾಡಿ, ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಜೂನಿಯರ್‌ಗಳಿಗೆ ಉಪಯೋಗ ಆದರೆ ಆಗಲಿ.

ಮೊದಲನೇ ಪಾಠ ಅಂಗಡಿಯಲ್ಲಿ ಆಯ್ತು. ಒಂದು ಅಂಗಡಿಗೆ ಹೋಗಿ 65 ಸಾವಿರದೊಳಗೆ ತೋರಿಸಿ ಅಂದಾಗ ಅಲ್ಲಿಯವರು ತೆಳ್ಳಗಿನ ಒಂದು ಲ್ಯಾಪ್‌ಟಾಪ್ ಎತ್ತಿಕೊಟ್ಟು, "ಐ7 ಉಂಟು, ಐ5ಕ್ಕಿಂತ ದೊಡ್ಡದು" ಅಂದರು. ನೋಡಿದರೆ ಅದು ಐ7-1255ಯು. ಕೊನೆಯ ಆ 'ಯು' ಅಕ್ಷರದಲ್ಲೇ ಇರುವುದು ಗುಟ್ಟು. ಯು ಅಂದರೆ ಬ್ಯಾಟರಿ ಉಳಿಸಲಿಕ್ಕೆ ಮಾಡಿದ, 15 ವ್ಯಾಟ್ ಲೆಕ್ಕದ ಪ್ರೊಸೆಸರ್. ಅದೇ ತಲೆಮಾರಿನ ಐ5-12450ಎಚ್ 45 ವ್ಯಾಟಿನದ್ದು. ಹೆಸರಿನಲ್ಲಿ ಐ5 ಇದ್ದರೂ ಹೆಚ್ಚು ಹೊತ್ತು ದುಡಿಯುವ ಕೆಲಸಕ್ಕೆ ಎಚ್ ಇರುವುದೇ ಗಟ್ಟಿ. ಐ3, ಐ5, ಐ7 ಅನ್ನುವುದು ಒಂದನೇ ಕ್ಲಾಸು, ಎರಡನೇ ಕ್ಲಾಸು ಇದ್ದ ಹಾಗೆ ಅಲ್ಲ, ಕೊನೆಯ ಅಕ್ಷರ ಓದದೆ ಏನೂ ಹೇಳಲಿಕ್ಕೆ ಬರುವುದಿಲ್ಲ.

ಎರಡನೇ ಪಾಠ ಗ್ರಾಫಿಕ್ಸ್ ಕಾರ್ಡಿನದ್ದು. ಲ್ಯಾಪ್‌ಟಾಪಿನ ಮೇಲೆ 'ಆರ್‌ಟಿಎಕ್ಸ್' ಸ್ಟಿಕ್ಕರ್ ಇದ್ದರೆ ಸಾಕು, ಗೇಮಿಂಗ್ ಅಂತ ನಂಬಿದ್ದೆವು. ನಮ್ಮ ಬಜೆಟ್ಟಿನಲ್ಲಿ ಎದುರಿಗೆ ಬಂದದ್ದು ಮೂರು: ಆರ್‌ಟಿಎಕ್ಸ್ 2050, 3050, 4050. 2050ರಲ್ಲಿ 4 ಜಿಬಿ ಮೆಮೊರಿ, ಆ ಮೆಮೊರಿಗೆ ಹೋಗುವ ದಾರಿ 64 ಬಿಟ್ ಅಗಲ. 4 ಜಿಬಿಯ 3050ರಲ್ಲಿ ಅದೇ ದಾರಿ 128 ಬಿಟ್. ಎರಡರಲ್ಲೂ ಕೋರ್ 2048. ಅಂದರೆ ಒಳಗೆ ಕೂತ ಆಳುಗಳು ಅಷ್ಟೇ, ಬಾಗಿಲು ಮಾತ್ರ ಅರ್ಧ. 6 ಜಿಬಿಯ 3050 ಬೇರೆಯೇ ಇದೆ, ಅದರಲ್ಲಿ 2560 ಕೋರ್. 4050ರಲ್ಲೂ 2560, ಆದರೆ ಹೊಸ ತಲೆಮಾರು, ಜೊತೆಗೆ ಮಧ್ಯೆ ಮಧ್ಯೆ ಫ್ರೇಮ್ ಹುಟ್ಟಿಸುವ ವಿದ್ಯೆ ಗೊತ್ತಿರುವುದು. ಇನ್ನೂ ಮೇಲೆ 4060, ಅದರಲ್ಲಿ 8 ಜಿಬಿ, 3072 ಕೋರ್.

ಇದೆಲ್ಲ ಬಾಯಿಪಾಠ ಮಾಡಿ ಮುಗಿಸುವಷ್ಟರಲ್ಲಿ ಬ್ರಹ್ಮಾವರ ಒಂದು ಬಾಂಬ್ ಹಾಕಿದಳು. "ಒಂದೇ 4050, ಒಂದ್ ಕಂಪನಿಯದ್ದು ಫಾಸ್ಟ್, ಇನ್ನೊಂದು ಸ್ಲೋ ಯಾಕೆ?" ಅಂದಳು. ಉತ್ತರ ವ್ಯಾಟಿನಲ್ಲಿತ್ತು. ಟಿಜಿಪಿ ಅಂತಾರೆ. ಗ್ರಾಫಿಕ್ಸ್ ಚಿಪ್ಪಿಗೆ ಎಷ್ಟು ಕರೆಂಟು ಕುಡಿಯಲಿಕ್ಕೆ ಬಿಡಬೇಕು ಅಂತ ಲ್ಯಾಪ್‌ಟಾಪ್ ಮಾಡುವವರು ನಿಗದಿ ಮಾಡಿರುತ್ತಾರೆ. 4050ಕ್ಕೆ ಇದು 35ರಿಂದ 115 ವ್ಯಾಟ್‌ವರೆಗೂ ಇರಬಹುದು. ಸ್ಟಿಕ್ಕರ್ ಒಂದೇ, ಕೆಲಸ ಬೇರೆ ಬೇರೆ. ಹಾಗಾಗಿ ಕಡಿಮೆ ವ್ಯಾಟಿನ ಹೊಸ ಕಾರ್ಡಿಗೆ ದುಡ್ಡು ಸುರಿಯುವ ಮೊದಲು ಎರಡು ಸಲ ನೋಡಬೇಕು. ನಾವು ಅಂಗಡಿಯಲ್ಲಿ "ಇದು ಎಷ್ಟು ವ್ಯಾಟ್?" ಅಂತ ಕೇಳಿದಾಗ ಅವರು ಚಾರ್ಜರ್ ತಿರುಗಿಸಿ ಓದಿ "ನೂರೈವತ್ತು" ಅಂದರು. ಚಾರ್ಜರಿನ ವ್ಯಾಟ್ ಬೇರೆ, ಕಾರ್ಡಿನ ವ್ಯಾಟ್ ಬೇರೆ. ಕಂಪನಿಯ ಸೈಟಿನಲ್ಲಿ ಆ ಮಾಡೆಲ್ಲಿನ ಪೂರ್ತಿ ವಿವರ ತೆರೆದು ನೋಡಿಕೊಳ್ಳಬೇಕು.

ಇಷ್ಟೆಲ್ಲ ಕಲಿತ ಮೇಲೆ ಆಸೆ ಜಾಸ್ತಿ ಆಯ್ತು. ಇದೇ ದೊಡ್ಡ ಅಪಾಯ. 55 ಸಾವಿರಕ್ಕೆ 2050 ನೋಡಿದವರಿಗೆ "ಇನ್ನೊಂದು ಎಂಟು ಸಾವಿರ ಹಾಕಿದರೆ 3050" ಅನಿಸುತ್ತದೆ. ಅಲ್ಲಿಗೆ ಹೋದ ಮೇಲೆ "ಇನ್ನೊಂದು ಹನ್ನೆರಡು ಹಾಕಿದರೆ 4050". ಅಲ್ಲಿಂದ ಮುಂದೆ "ಇಷ್ಟು ಹಾಕಿದವರಿಗೆ ಇನ್ನೊಂದು ಹತ್ತು ಹನ್ನೆರಡು ದೊಡ್ಡದಾ?" ಹೀಗೆ ಮೆಟ್ಟಿಲು ಹತ್ತಿ ಹತ್ತಿ ನಾವು 88 ಸಾವಿರದ 4060 ಎದುರು ನಿಂತಿದ್ದೆವು. ಕೈಯಲ್ಲಿದ್ದದ್ದು 65. ಉಳಿದ 23 ಸಾವಿರಕ್ಕೆ ಆರು ಕಂತು ಮಾಡಿಕೊಡ್ತೇವೆ, ನೋ ಕಾಸ್ಟ್ ಇಎಂಐ, ಅಪ್ಪನ ಆಧಾರು, ಪ್ಯಾನು ತನ್ನಿ ಸಾಕು ಅಂದರು. ತಿಂಗಳಿಗೆ 3,800 ಚಿಲ್ಲರೆ. ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದೆವು. ಹಾಸ್ಟೆಲಿನಲ್ಲಿ ಸಂಜೆಯ ತಿಂಡಿ ಬಿಟ್ಟರೆ ಇಷ್ಟು, ಮೂವರೂ ಸೇರಿ ಸ್ವಲ್ಪ ಸ್ವಲ್ಪ ಹಾಕಿದರೆ ಇಷ್ಟು, ಆಗುತ್ತೆ ಅನಿಸಿತು. ಕುಂದಾಪ್ರನಂತೂ ಪರೋಟ ಬಿಡ್ತೇನೆ ಅಂತ ಆಣೆ ಮಾಡಿದ.

ಮೇ ಕೊನೆಯ ಭಾನುವಾರ ಮೂವರೂ ಬೈಂದೂರಿಗೆ ಹೋದೆವು. ಪ್ಯಾನ್ ಕಾರ್ಡ್ ತರಬೇಕಿತ್ತಲ್ಲ. ಅಪ್ಪಯ್ಯ ಜಗಲಿಯಲ್ಲಿ ಕೂತಿದ್ದರು. ಅವರ ಅಬ್ಬಿ ನಮಗೆ ಗೋಳಿಬಜೆ, ಚಾ ತಂದುಕೊಟ್ಟರು. ನಾವು ಫೋನಿನಲ್ಲಿ ಫೋಟೋ ತೋರಿಸಿ, ಕೋರು, ಜಿಬಿ, ವ್ಯಾಟು ಎಲ್ಲ ವಿವರಿಸಿದೆವು. ಅವರು ನಡುವೆ ಬಾಯಿ ಹಾಕಲಿಲ್ಲ. ವ್ಯಾಟಿನ ವಿಷಯ ಬಂದಾಗ ಮಾತ್ರ ತಲೆಯಾಡಿಸಿದರು.

"ದೊಡ್ಡ್ ಎಂಜಿನ್ ಕೂರ್ಸಿ ಡೀಸೆಲ್ ಕಮ್ಮಿ ಬಿಟ್ರ್ ಬೋಟ್ ಓಡುತ್ತಾ? ಹಾಂಗೇ ಅಲ್ದಾ ಇದ್?"

ನಮಗೆ ಒಂದು ವಾರ ಹಿಡಿದದ್ದು ಅವರಿಗೆ ಒಂದು ನಿಮಿಷ ಸಾಕಾಯ್ತು. ಆಮೇಲೆ ಅವರು ಸಾಲಾಗಿ ಪ್ರಶ್ನೆ ಕೇಳಿದರು. ನಾವು ನೋಡಿದ ವಿಡಿಯೋಗಳಲ್ಲಿ ಯಾರೂ ಇವನ್ನು ಕೇಳಿರಲಿಲ್ಲ.

"ಎಷ್ಟ್ ವರ್ಷ ಬತ್ತ್?"

"ನಾಲ್ಕು ವರ್ಷ ಬರಬೇಕು."

"ಹಾಳಾರೆ ಯಾರ್ ರಿಪೇರಿ ಮಾಡುದ್? ಇಲ್ಲಿಗ್ ಬತ್ರಾ, ನಾವೇ ಹೊತ್ಕಂಡ್ ಹೋಯ್ಕಾ?"

ಇದನ್ನು ನಾವು ನೋಡಿರಲೇ ಇಲ್ಲ. ಅಲ್ಲೇ ಕೂತು ಆ ಕಂಪನಿಯ ಸೈಟಿನಲ್ಲಿ ಪಿನ್‌ಕೋಡ್ ಹಾಕಿದೆವು. ಕುಂದಾಪುರದ 576201 ಹಾಕಿದರೆ ಮನೆಗೆ ಬಂದು ರಿಪೇರಿ ಮಾಡುತ್ತೇವೆ ಅಂತ ಬಂತು. ಬ್ರಹ್ಮಾವರದ 576213ಕ್ಕೂ ಹೌದು. ಬೈಂದೂರಿನ 576214 ಹಾಕಿದರೆ ಈ ಸೇವೆ ನಿಮ್ಮಲ್ಲಿಲ್ಲ ಅಂತ ಬಂತು. ಒಂದೇ ಬಸ್ಸಿನಲ್ಲಿ ಹೋಗುವವರು, ಒಂದೇ ಜಿಲ್ಲೆಯವರು. ಬೈಂದೂರು ನಮ್ಮ ಮುಖ ನೋಡಿದ. ನಾವು ಗೋಳಿಬಜೆ ನೋಡಿದೆವು.

"ಇದ್ಕ್ ಉಪ್ಪ್ ಗಾಳಿ ಆತ್ತಾ?"

ಅದಕ್ಕೂ ಉತ್ತರ ಇರಲಿಲ್ಲ. ಕಡಲ ಬದಿಯ ಮನೆ. ವರ್ಷಕ್ಕೆ 4000 ಮಿಲಿಮೀಟರ್ ಹತ್ತಿರ ಮಳೆ ಬೀಳುವ ಜಿಲ್ಲೆ. ಆಟಿಯಲ್ಲಿ ಚಪ್ಪಲಿಗೂ ಬೂಸ್ಟು ಹಿಡಿಯುವ ಊರು. ಗೇಮಿಂಗ್ ಲ್ಯಾಪ್‌ಟಾಪ್ ಹೊರಗಿನ ಗಾಳಿಯನ್ನು ಎಳೆದು ಒಳಗಿನ ಬಿಸಿಯನ್ನು ಹೊರಗೆ ದೂಡುವ ಯಂತ್ರ. ಗಾಳಿಯಲ್ಲಿ ಏನಿದೆಯೋ ಅದು ಒಳಗೆ ಹೋಗಿಯೇ ಹೋಗುತ್ತದೆ.

ಕೊನೆಗೆ ಕಂತಿನ ವಿಷಯ ಬಂತು. ಆರು ಕಂತು, ತಿಂಗಳಿಗೆ 3,800. ಅಪ್ಪಯ್ಯ ಕ್ಯಾಲೆಂಡರ್ ಕಡೆ ಕೈ ತೋರಿಸಿದರು.

"ಜೂನ್ದ್, ಜುಲಾಯ್ದ್ ಯಾರ್ ಕಟ್ಟುದ್?"

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ಬೋಟುಗಳು ಮೀನುಗಾರಿಕೆಗೆ ಹೋಗುವ ಹಾಗಿಲ್ಲ. ಮೀನು ಮರಿ ಹಾಕುವ ಕಾಲ, ಕಡಲೂ ಒರಟು. ಬೋಟು ದಡದಲ್ಲಿ ಇರುತ್ತದೆ, ಪಾಲು ಇರುವುದಿಲ್ಲ. ಇದು ನಮಗೆ ಹೊಸ ವಿಷಯವಲ್ಲ. ಮೂವರೂ ಚಿಕ್ಕಂದಿನಿಂದ ಕೇಳಿದ್ದೇ. ಆದರೆ ಲೆಕ್ಕ ಹಾಕುವಾಗ ನಮ್ಮ ತಲೆಯಲ್ಲಿ ಎಲ್ಲ ತಿಂಗಳೂ ಒಂದೇ ಥರ ಇದ್ದವು. ಸಂಬಳ ಬರುವ ಮನೆಯವರು ಮಾಡಿದ ವಿಡಿಯೋ ನೋಡಿ ನೋಡಿ ನಾವೂ ಸಂಬಳದ ಮನೆಯವರ ಹಾಗೆ ಯೋಚಿಸುತ್ತಿದ್ದೆವು. ಕಂತಿಗೆ ಮಳೆಗಾಲ ಗೊತ್ತಿಲ್ಲ. ಐದನೇ ತಾರೀಕಿಗೆ ಖಾತೆಯಲ್ಲಿ ದುಡ್ಡು ಇಲ್ಲದಿದ್ದರೆ ಬ್ಯಾಂಕಿನ ದಂಡ ಬೇರೆ, ಸಾಲ ಕೊಟ್ಟವರ ದಂಡ ಬೇರೆ. ನೋ ಕಾಸ್ಟ್ ಅಂದರೂ ಪ್ರೊಸೆಸಿಂಗ್ ಫೀಸು ಇದ್ದೇ ಇತ್ತು. ಪೂರ್ತಿ ನಗದು ಕೊಟ್ಟರೆ ಸಿಗುತ್ತಿದ್ದ ರಿಯಾಯಿತಿ ಕಂತಿಗೆ ಇರಲಿಲ್ಲ.

ಬಜೆಟ್ ಅಂದರೆ ಎಷ್ಟು ದುಡ್ಡು ಅನ್ನುವುದಷ್ಟೇ ಅಂದುಕೊಂಡಿದ್ದೆವು. ಯಾವ ತಿಂಗಳಿನ ದುಡ್ಡು ಅನ್ನುವುದೂ ಹೌದು ಅಂತ ಆ ದಿನ ತಿಳಿಯಿತು.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಬೈಂದೂರೇ ಬಾಯಿಬಿಟ್ಟ.

"ಅಪ್ಪಯ್ಯ, ಡಿಪಾರ್ಟ್‌ಮೆಂಟಿನಲ್ಲಿ ಹಾಂಗೆ ಹೇಳ್ಲಿಲ್ಲ. ನಂಗೇ ಬೇಕಿತ್ತ್. ಇದ್ ಗೇಮಿಂಗ್ ಲ್ಯಾಪ್‌ಟಾಪ್."

"ಅಂದ್ರೆ?"

"ಆಟ ಆಡುದ್."

ನಾವಿಬ್ಬರೂ "ನಾವೂ ಸುಳ್ಳು ಹೇಳಿದ್ದು" ಅಂದೆವು. ಬೈಗುಳ ಬರುತ್ತದೆ ಅಂತ ಕಾದೆವು. ಅಪ್ಪಯ್ಯ ಚಾ ಲೋಟ ಕೆಳಗಿಟ್ಟರು.

"ಆಟ ಕಾಂಬುದ್ ತಪ್ಪಲ್ಲ. ನಾನೂ ಬೆಳಗಾತನಕ ಆಟ ಕಂಡವ್ನೇ. ಬೆಳಿಗ್ಗೆ ಎದ್ದ್ ಕೆಲ್ಸಕ್ ಹೋಯ್ಕ್, ಅಷ್ಟೇ. ಸುಳ್ಳ್ ಎಂತಕೆ?"

ಬೇರೆ ಊರಿನ ಓದುಗರಿಗೆ ಹೇಳಬೇಕು, ನಮ್ಮಲ್ಲಿ ಆಟ ಅಂದರೆ ಮೊದಲ ಅರ್ಥ ಯಕ್ಷಗಾನ. ಬಯಲಿನಲ್ಲಿ ರಾತ್ರಿಯಿಡೀ ಆಟ ನೋಡಿ, ಮುಖ ತೊಳೆದು ಸೀದಾ ಬಂದರಿಗೆ ಹೋದವರ ಮಾತು ಅದು. ಬೈದಿದ್ದರೆ ನಮಗೆ ಸುಲಭ ಇತ್ತು. ಆ "ಎಂತಕೆ" ಮೂವರಿಗೂ ಈಗಲೂ ಕೇಳುತ್ತದೆ.

ವಾಪಸ್ಸು ಬರುವಾಗ ಪ್ಯಾನ್ ಕಾರ್ಡ್ ತರಲಿಲ್ಲ. 65 ಸಾವಿರದ ಗೆರೆ ಅಲ್ಲೇ ಗಟ್ಟಿಯಾಯ್ತು. ಇನ್ನು ಮೇಲಿನ ಮೆಟ್ಟಿಲು ಇಲ್ಲ ಅಂತ ಆದ ಮೇಲೆ ಆಯ್ಕೆ ಎಷ್ಟು ಸುಲಭ ಆಯ್ತು ಅಂದರೆ ನಾಲ್ಕೇ ದಿನದಲ್ಲಿ ಮುಗಿಯಿತು. ನಾವು ಮಾಡಿದ ಪಟ್ಟಿಯನ್ನು ಮಾತಿನಲ್ಲೇ ಹೇಳುತ್ತೇವೆ.

ಮೊದಲು ಸರ್ವಿಸ್. 576214ಕ್ಕೆ ಬರುತ್ತೇವೆ ಅಂದ ಕಂಪನಿಗಳನ್ನು ಮಾತ್ರ ಇಟ್ಟುಕೊಂಡೆವು. ಅರ್ಧ ಪಟ್ಟಿ ಅಲ್ಲೇ ಹೋಯ್ತು. ಆಮೇಲೆ ಕೆಲಸ. ಸಾಲಿಡ್‌ವರ್ಕ್ಸಿನಲ್ಲಿ ಪಾರ್ಟ್ ಬರೆಯುವ ಹೆಚ್ಚಿನ ಕೆಲಸ ಪ್ರೊಸೆಸರಿನ ಒಂದೊಂದು ಕೋರಿನ ವೇಗದ ಮೇಲೆ, ರ‍್ಯಾಮ್ ಮೇಲೆ ನಿಂತಿದೆ. ಹಾಗಾಗಿ ಎಚ್ ಪ್ರೊಸೆಸರ್, 16 ಜಿಬಿ ರ‍್ಯಾಮ್. ಅದೂ 8 ಜಿಬಿಯ ಎರಡು ಕಡ್ಡಿ. ಒಂದೇ ಕಡ್ಡಿ ಇದ್ದರೆ ಡೇಟಾ ಒಂದೇ ದಾರಿಯಲ್ಲಿ ಹೋಗಬೇಕು. 8 ಜಿಬಿಯದ್ದೇ ಸಿಕ್ಕರೂ ಒಂದು ಸ್ಲಾಟ್ ಖಾಲಿ ಇದ್ದರೆ ಮುಂದೆ ಹಾಕಿಸಬಹುದು. ಬೋರ್ಡಿಗೇ ಬೆಸುಗೆ ಹಾಕಿದ್ದರೆ ಆಗುವುದಿಲ್ಲ, ಕೇಳಿಕೊಳ್ಳಿ.

ರೈಜನ್ 7 7435ಎಚ್‌ಎಸ್ ಅನ್ನುವ ಪ್ರೊಸೆಸರ್ ಇರುವ ಲ್ಯಾಪ್‌ಟಾಪ್ ಕಡಿಮೆ ಬೆಲೆಗೆ ಕಂಡು ಆಸೆ ಹುಟ್ಟಿಸಿತು. ಅದರೊಳಗೆ ಸ್ವಂತ ಗ್ರಾಫಿಕ್ಸ್ ಇಲ್ಲ. ವರ್ಡ್ ತೆರೆದರೂ ದೊಡ್ಡ ಕಾರ್ಡು ಎದ್ದಿರಬೇಕು, ಬ್ಯಾಟರಿ ಬೇಗ ಮುಗಿಯುತ್ತದೆ. ಪ್ಲಗ್ ಪಾಯಿಂಟ್ ಪಕ್ಕವೇ ಕೂರುವವರಿಗೆ ತೊಂದರೆ ಇಲ್ಲ. ಮಳೆಗಾಲದಲ್ಲಿ ಒಂದು ಗಾಳಿ ಬೀಸಿದರೆ ತಂತಿ ಮೇಲೆ ಮರ ಬೀಳುವ ನಮ್ಮ ಕಡೆಗೆ ಬೇಡ ಅನಿಸಿತು. ಅಂದ ಹಾಗೆ, ಯಾವ ಗೇಮಿಂಗ್ ಲ್ಯಾಪ್‌ಟಾಪೂ ಬ್ಯಾಟರಿಯಲ್ಲಿ ಪೂರ್ತಿ ಶಕ್ತಿ ಕೊಡುವುದಿಲ್ಲ. ಕರೆಂಟು ಹೋದರೆ ಗೇಮೂ ಹೋಯ್ತು ಅಂತ ತಿಳಿಯಿರಿ.

ಸ್ಕ್ರೀನಿನಲ್ಲಿ 144 ಹರ್ಟ್ಸ್ ಅಂತ ದೊಡ್ಡದಾಗಿ ಬರೆದಿರುತ್ತಾರೆ. ಸೆಕೆಂಡಿಗೆ 144 ಸಲ ಚಿತ್ರ ಬದಲಾಗುತ್ತದೆ, ಒಳ್ಳೆಯದೇ. ಸಣ್ಣ ಅಕ್ಷರದಲ್ಲಿ 45 ಪರ್ಸೆಂಟ್ ಎನ್‌ಟಿಎಸ್‌ಸಿ ಅಂತ ಇದ್ದರೆ ಬಣ್ಣ ಪೇಲವ. ವಿಡಿಯೋ ಎಡಿಟಿಂಗ್ ಮಾಡುವವರು ಇದನ್ನು ನೋಡಲೇಬೇಕು. ಬೈಂದೂರಿಗೆ ಬಣ್ಣ ಅಷ್ಟು ಮುಖ್ಯ ಇರಲಿಲ್ಲ, ಬಿಟ್ಟ.

ಕೊನೆಗೆ 63 ಸಾವಿರಕ್ಕೆ ಸಿಕ್ಕಿದ್ದು ಐ5-12450ಎಚ್, 6 ಜಿಬಿಯ 3050, 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ. ಉಳಿದ ಎರಡು ಸಾವಿರದಲ್ಲಿ ಒಳ್ಳೆಯ ಸ್ಪೈಕ್ ಗಾರ್ಡ್, ಅಡಿಗೆ ಗಾಳಿಯಾಡಲು ಒಂದು ಸ್ಟ್ಯಾಂಡು. ಗುಡುಗು ಶುರುವಾದರೆ ಪ್ಲಗ್ ಕಿತ್ತಿಡುವುದು, ಆರು ತಿಂಗಳಿಗೊಮ್ಮೆ ಫ್ಯಾನಿನ ಧೂಳು ತೆಗೆಸುವುದು, ಇದು ಅಪ್ಪಯ್ಯ ಹಾಕಿದ ಷರತ್ತು.

ಬ್ರಹ್ಮಾವರ ಗೇಮಿಂಗ್ ಲ್ಯಾಪ್‌ಟಾಪ್ ತಗೊಳ್ಳಲೇ ಇಲ್ಲ. ಅವಳಿಗೆ ಬೇಕಾದ್ದು ಮಾಡೆಲ್ ಟ್ರೈನ್ ಮಾಡಲಿಕ್ಕೆ ಎನ್‌ವಿಡಿಯಾ ಕಾರ್ಡು. ಗೂಗಲ್ ಕೊಲ್ಯಾಬಿನಲ್ಲಿ ಪುಕ್ಕಟೆ ಸಿಗುವ ಟಿ4 ಕಾರ್ಡಿನಲ್ಲೇ 16 ಜಿಬಿ ಮೆಮೊರಿ ಇದೆ, ನಮ್ಮ ಬಜೆಟ್ಟಿನ ಯಾವ ಲ್ಯಾಪ್‌ಟಾಪಿನಲ್ಲೂ ಅಷ್ಟಿಲ್ಲ. ಬೇಕೆಂದಾಗಲೆಲ್ಲ ಸಿಗುವುದಿಲ್ಲ, ನಡುವೆ ಕಡಿದು ಹೋಗುತ್ತದೆ, ಆದರೂ ಕಲಿಯಲಿಕ್ಕೆ ಸಾಕು. 44 ಸಾವಿರಕ್ಕೆ ಹಗುರದ ಲ್ಯಾಪ್‌ಟಾಪ್ ತಗೊಂಡು ಉಳಿದ ಆರು ಸಾವಿರ ಅಮ್ಮನಿಗೆ ವಾಪಸ್ ಕೊಟ್ಟಳು. ಬ್ಯಾಗಿನಲ್ಲಿ ಎರಡೂವರೆ ಕಿಲೋ ಹೊತ್ತು ಬಸ್ಸಿನಲ್ಲಿ ನಿಲ್ಲುವ ಬೈಂದೂರನ್ನು ನೋಡಿ ಈಗ ನಗುತ್ತಾಳೆ.

ಕುಂದಾಪ್ರನ ಚೀಟಿ ಇನ್ನೂ ಎತ್ತಿಲ್ಲ. ಅಣ್ಣನ ಹಳೆಯ ಲ್ಯಾಪ್‌ಟಾಪಿನಲ್ಲಿ ಹಾರ್ಡ್ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿ, ಸೆಟ್ಟಿಂಗ್ಸ್ ಎಲ್ಲ ಕೆಳಗಿಳಿಸಿ ವ್ಯಾಲೊರಂಟ್ ಆಡುತ್ತಿದ್ದಾನೆ. ಅದು ಹಳೆಯ ಯಂತ್ರದಲ್ಲೂ ಓಡುವ ಹಾಗೆ ಮಾಡಿದ ಗೇಮು. ಸೋತರೆ ಲ್ಯಾಪ್‌ಟಾಪಿಗೆ ಬೈಯುತ್ತಾನೆ. ಪರೋಟ ಬಿಟ್ಟಿಲ್ಲ.

ಜುಲೈಯಲ್ಲಿ ಒಂದು ಭಾನುವಾರ ಮತ್ತೆ ಬೈಂದೂರಿಗೆ ಹೋಗಿದ್ದೆವು. ಹೊರಗೆ ಜಡಿಮಳೆ. ಅಪ್ಪಯ್ಯ ಒಳಗೆ ಬಲೆ ರಿಪೇರಿ ಮಾಡುತ್ತಿದ್ದರು. ನಾವು ಅವರಿಗೆ ತೋರಿಸಬೇಕು ಅಂತಲೇ ಒಂದು ಕಾರ್ ರೇಸ್ ಹಾಕಿದೆವು. ಫ್ಯಾನು ಚೆಂಡೆಯ ಹಾಗೆ ಏರಿತು. ಎರಡು ಸುತ್ತು ಆಗುವುದರೊಳಗೆ ಕರೆಂಟು ಹೋಯ್ತು, ಕಾರು ಕುಂಟತೊಡಗಿತು. ಅಪ್ಪಯ್ಯ ನೂಲಿನಿಂದ ಕಣ್ಣು ತೆಗೆಯದೆ ಕೇಳಿದರು.

"ಆಟದ ಲ್ಯಾಪ್‌ಟಾಪ್ ಅಂದ್ರಿ ಅಲ್ದಾ? ನಾವಡ್ರ್ ಪದ ಇತ್ತಾ ಕಾಣಿ ಅದ್ರಗೆ."

ಮೊಬೈಲಿನ ಹಾಟ್‌ಸ್ಪಾಟ್ ಹಾಕಿ ಗುಂಡ್ಮಿ ಕಾಳಿಂಗ ನಾವಡರ ಹಳೆಯ ಧ್ವನಿಮುದ್ರಣ ಹುಡುಕಿದೆವು. 1990ರಲ್ಲಿ ತೀರಿಕೊಂಡವರು, ನಾವ್ಯಾರೂ ಹುಟ್ಟುವ ಮೊದಲು. ವಿಡಿಯೋ ಇರಲಿಲ್ಲ, ಬರೀ ದನಿ, ಜೊತೆಗೆ ಅವರದ್ದೊಂದು ಫೋಟೋ. ಸೆಕೆಂಡಿಗೆ 144 ಸಲ ಬದಲಾಗುವ ಸ್ಕ್ರೀನಿನಲ್ಲಿ ಅದೇ ಫೋಟೋ ಅಲುಗದೆ ನಿಂತಿತ್ತು. ಫ್ಯಾನು ನಿಧಾನವಾಗಿ ಸುಮ್ಮನಾಯ್ತು. ಅಪ್ಪಯ್ಯ ಬಲೆ ಕೆಳಗಿಟ್ಟು ಕೂತರು. ಬ್ಯಾಟರಿ ಮುಗಿಯುವ ತನಕ ನಾವು ಯಾರೂ ಏಳಲಿಲ್ಲ.